ಸೈನ್ಯದಿಂದ ಪದವಿ ಕಾಲೇಜಿಗೆ: ಮಾಜಿ ಸೈನಿಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಗದಗ ಜಿಲ್ಲೆಯವನು. ಪಿಯುಸಿ ಕಲಾ ವಿಭಾಗ ಮುಗಿಸಿ 19ನೇ ವಯಸ್ಸಿನಲ್ಲಿ ಸೈನ್ಯಕ್ಕೆ ಭರ್ತಿಯಾದೆ. ಇನ್‌ಫಂಟ್ರಿಯಲ್ಲಿ 18 ವರ್ಷ ಸೇವೆ ಸಲ್ಲಿಸಿ, ಹವಿಲ್ದಾರ್ ಆಗಿದ್ದಾಗ ಮನೆಯ ಕಾರಣಕ್ಕೆ ಸ್ವಇಚ್ಛೆಯಿಂದ ಪೆನ್ಷನ್ ಪಡೆದು ಊರಿಗೆ ಬಂದಿದ್ದೇನೆ. ಬಿ.ಎ. ಓದಿ, ನಂತರ ಬಿ.ಎಡ್. ಮಾಡಿ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಬೇಕೆಂಬ ಆಸೆ ಇದೆ. ಆದರೆ ಪುಸ್ತಕ ಹಿಡಿದರೆ ಎರಡು ಪುಟ ದಾಟುವಷ್ಟರಲ್ಲಿ ಮನಸ್ಸು ಬೇರೆಡೆಗೆ ಹೋಗುತ್ತದೆ. ಸೈನ್ಯ ಕೊಟ್ಟ ಪದವಿ ಸಮಾನ ಪ್ರಮಾಣಪತ್ರ ಇರುವಾಗ ಬಿ.ಎ. ಏಕೆ ಎಂದು ಕೆಲವರು, ಓದುವುದಾದರೆ ದೂರಶಿಕ್ಷಣವೇ ಸರಿ ಎಂದು ಇನ್ನು ಕೆಲವರು ಹೇಳುತ್ತಾರೆ. ನನ್ನಿಂದ ಇದು ಆದೀತೇ? ಹೇಗೆ ಸಿದ್ಧನಾಗಲಿ? ಅಗ್ನಿವೀರನಾಗಿರುವ ನನ್ನ ಅಣ್ಣನ ಮಗನಿಗೂ ನಿಮ್ಮ ಸಲಹೆ ಬೇಕು.

ಉತ್ತರ: ನಿಮ್ಮಿಂದ ಆಗುತ್ತದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಪದವಿ ತರಗತಿಗಳಲ್ಲಿ ಇತಿಹಾಸ ಕಲಿಸುತ್ತ, ಸೇವೆಯಿಂದ ಬಂದು ಓದಲು ಕುಳಿತ ಅನೇಕರ ಉತ್ತರಪತ್ರಿಕೆಗಳನ್ನು ತಿದ್ದಿದ ಅನುಭವದಿಂದ ಹೇಳುತ್ತಿದ್ದೇನೆ. ಅವರಲ್ಲಿ ಯಾರೂ ಬುದ್ಧಿ ಸಾಲದೆ ಅಥವಾ ಶ್ರಮ ಸಾಲದೆ ಹಿಂದೆ ಬಿದ್ದದ್ದನ್ನು ನಾನು ಕಾಣಲಿಲ್ಲ. ಹಿಂದೆ ಬಿದ್ದವರೆಲ್ಲ ಒಂದೇ ಜಾಗದಲ್ಲಿ ಎಡವಿದ್ದರು: ನಿಧಾನವಾಗಿ ಓದಿ, ಓದಿದ್ದನ್ನು ತಮ್ಮದೇ ವಾಕ್ಯಗಳಲ್ಲಿ ಕಾರಣ ಸಹಿತ ಬರೆಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಅದನ್ನು ಮರಳಿ ಕೂಡಿಸಿಕೊಳ್ಳುವ ಮೊದಲೇ ಪ್ರವೇಶ ಪಡೆದು, ಮೊದಲ ಸೆಮಿಸ್ಟರಿನ ಫಲಿತಾಂಶ ನೋಡಿ ಕೈಚೆಲ್ಲಿದವರಿದ್ದಾರೆ. ಆದ್ದರಿಂದ ನನ್ನ ಸಲಹೆಯ ಮುಖ್ಯ ಭಾಗ ಇಷ್ಟೇ: ಕಾಲೇಜು ಸೇರುವ ಮೊದಲು ಆರು ತಿಂಗಳನ್ನು ಕೇವಲ ಓದು ಮತ್ತು ಬರವಣಿಗೆಗೆ ಮೀಸಲಿಡಿ. ಉಳಿದದ್ದೆಲ್ಲ, ಅಂದರೆ ಯಾವ ಕಾಲೇಜು, ಯಾವ ವಿಷಯ, ಯಾವ ಕಾಗದಪತ್ರ ಎಂಬುದೆಲ್ಲ, ಅದರ ನಂತರದ ಮಾತು.

ವಯಸ್ಸಾದ ಸೈನಿಕರು ಕಾಲೇಜಿಗೆ ತಕ್ಕವರಲ್ಲ ಎಂಬ ಸಂಶಯ ಹಳೆಯದು. ಎರಡನೆಯ ಮಹಾಯುದ್ಧ ಮುಗಿಯುವ ಮುನ್ನ, 1944ರಲ್ಲಿ, ಅಮೆರಿಕ ತನ್ನ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಭರಿಸುವ ಕಾಯ್ದೆಯನ್ನು ತಂದಾಗ, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಕೊನಾಂಟ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಅವರಂಥ ದೊಡ್ಡ ವಿದ್ವಾಂಸರೇ ಇದರಿಂದ ಕಾಲೇಜುಗಳ ಮಟ್ಟ ಕುಸಿಯುತ್ತದೆ ಎಂದು ಆತಂಕಪಟ್ಟರು. 1947ರ ಹೊತ್ತಿಗೆ ಅಲ್ಲಿನ ಕಾಲೇಜು ಪ್ರವೇಶಗಳಲ್ಲಿ ಸುಮಾರು ಅರ್ಧದಷ್ಟು ಮಾಜಿ ಸೈನಿಕರೇ ಇದ್ದರು, ಮತ್ತು ಅವರ ಓದನ್ನು ಕಣ್ಣಾರೆ ಕಂಡ ಕೊನಾಂಟ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಆ ದೇಶ ಕಲಿತ ಇನ್ನೊಂದು ಪಾಠ ನಮಗೆ ಹೆಚ್ಚು ಉಪಯುಕ್ತ. ಹಣ ಕೊಟ್ಟರಷ್ಟೇ ಸಾಲದು, ತರಗತಿಗೆ ಮೊದಲು ತಯಾರಿಯೂ ಬೇಕು ಎಂದು ಅರಿತು, 1972ರಿಂದ ಅಲ್ಲಿ ಮಾಜಿ ಸೈನಿಕರಿಗಾಗಿಯೇ ಓದು, ಬರವಣಿಗೆ, ಗಣಿತವನ್ನು ಮರುಕಲಿಸುವ ಪೂರ್ವಸಿದ್ಧತಾ ಯೋಜನೆಯೊಂದನ್ನು ನಡೆಸುತ್ತ ಬಂದಿದ್ದಾರೆ. ನಮ್ಮಲ್ಲಿ ಹಾಗೆ ಕೈಹಿಡಿದು ಕೂರಿಸಿ ಕಲಿಸುವ ವ್ಯವಸ್ಥೆ ನಿಮ್ಮ ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಹಾಗಾಗಿ ಅದನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಬೇಕು.

ಸೈನ್ಯದಲ್ಲಿ ನೀವು ಕಲಿಯದೆ ಇರಲಿಲ್ಲ. ರಿಕ್ರೂಟ್ ಆಗಿದ್ದ ದಿನದಿಂದ ಕೇಡರ್‌ಗಳು, ಕೋರ್ಸ್‌ಗಳು, ಪರೀಕ್ಷೆಗಳು ನಡೆದೇ ಇದ್ದವು. ಆದರೆ ಅಲ್ಲಿನ ಕಲಿಕೆಯ ಕ್ರಮ ಬೇರೆ. ಉಸ್ತಾದ್ ವಿವರಿಸಿ, ಮಾಡಿ ತೋರಿಸಿ, ನಿಮ್ಮಿಂದ ಮಾಡಿಸಿ, ತಪ್ಪನ್ನು ಅಲ್ಲಿಯೇ ತಿದ್ದುತ್ತಿದ್ದರು. ಆಯುಧದ ಬಿಡಿಭಾಗಗಳನ್ನು ಜೋಡಿಸುವ ಕ್ರಮ ಒಂದೇ ಇರುತ್ತದೆ, ಅದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ, ಇರಲೂಬಾರದು. ಕಾಲೇಜಿನಲ್ಲಿ, ಅದರಲ್ಲೂ ನೀವು ಆರಿಸಿಕೊಳ್ಳಲಿರುವ ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ, ಒಂದು ಪ್ರಶ್ನೆಗೆ ಸಮರ್ಥನೀಯವಾದ ಉತ್ತರಗಳು ಎರಡು ಮೂರು ಇರಬಹುದು. ನೀವು ಯಾವುದನ್ನು ಹಿಡಿದಿರಿ, ಏಕೆ ಹಿಡಿದಿರಿ ಎಂಬುದಕ್ಕೆ ಅಂಕ. ಈ ವ್ಯತ್ಯಾಸ ಮೊದಲೇ ಗೊತ್ತಿಲ್ಲದಿದ್ದರೆ, "ಸರಿಯಾದ ಉತ್ತರ ಯಾವುದೆಂದು ಮೇಷ್ಟ್ರು ಹೇಳಲೇ ಇಲ್ಲವಲ್ಲ" ಎಂಬ ಗೊಂದಲ ಸೆಮಿಸ್ಟರ್ ಪೂರ್ತಿ ಕಾಡುತ್ತದೆ.

ನಿಮ್ಮ ಜಿಲ್ಲೆಯದೇ ಒಂದು ವಿಷಯದಿಂದ ಇದನ್ನು ವಿವರಿಸುತ್ತೇನೆ. "1858ರ ನರಗುಂದದ ಬಂಡಾಯದ ಕಾರಣಗಳನ್ನು ವಿಶ್ಲೇಷಿಸಿ" ಎಂಬ ಪ್ರಶ್ನೆ ಬಂದಿತೆಂದು ಇಟ್ಟುಕೊಳ್ಳಿ. ಸೇವೆಯಿಂದ ಬಂದ ವಿದ್ಯಾರ್ಥಿ ಸಾಮಾನ್ಯವಾಗಿ ಹೀಗೆ ಬರೆಯುತ್ತಾನೆ: ಒಂದು, ದತ್ತು ಸ್ವೀಕಾರಕ್ಕೆ ಬ್ರಿಟಿಷರ ನಿರಾಕರಣೆ. ಎರಡು, ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ. ಮೂರು, ಉತ್ತರ ಭಾರತದ ದಂಗೆಯ ಪ್ರಭಾವ. ಮಾಹಿತಿ ಸರಿಯಾಗಿದೆ, ಅಕ್ಷರ ಅಚ್ಚುಕಟ್ಟಾಗಿದೆ, ಅರ್ಧ ಪುಟದಲ್ಲಿ ಉತ್ತರ ಮುಗಿದಿದೆ. ಮೇಲಧಿಕಾರಿಗೆ ಕಳಿಸುವ ವರದಿಗೆ ಇದು ಸಾಕು. ಆದರೆ ಪ್ರಶ್ನೆ "ವಿಶ್ಲೇಷಿಸಿ" ಎಂದಿದೆ. ಹಾಗೆಂದರೆ ಈ ಮೂರು ಕಾರಣಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು, ಯಾವುದರ ಭಾರ ಹೆಚ್ಚು ಎಂದು ಯೋಚಿಸಿ ಬರೆಯಬೇಕು. ನರಗುಂದ ಸಂಸ್ಥಾನದ ಅರಸ ಬಾಬಾಸಾಹೇಬನಿಗೆ ದತ್ತು ನಿರಾಕರಿಸಿದ್ದು ಮೊದಲೇ ನಡೆದ ಸಂಗತಿ. ಅಸಮಾಧಾನ ಅಂದಿನಿಂದ ಇತ್ತು, ಬಂಡಾಯ ಇರಲಿಲ್ಲ. 1857ರ ದಂಗೆ ಆರಂಭವಾದ ನಂತರ ಆಯುಧ ಒಪ್ಪಿಸುವ ಆಜ್ಞೆ ಬಂತು. ಅದನ್ನು ವಿರೋಧಿಸಿ 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಎದ್ದರು. 1858ರ ಮೇ ಕೊನೆಯಲ್ಲಿ ನರಗುಂದ ಸಿಡಿಯಿತು, ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಕೊಲೆಯಾದ. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಕಾಲಾನುಕ್ರಮವನ್ನು ಮುಂದಿಟ್ಟುಕೊಂಡರೆ, ದತ್ತು ನಿರಾಕರಣೆ ಸಂಸ್ಥಾನದ ಭವಿಷ್ಯವನ್ನೇ ಅನಿಶ್ಚಿತಗೊಳಿಸಿದ ಆಳವಾದ ಕಾರಣ, ನಿಶ್ಶಸ್ತ್ರೀಕರಣ ಅದನ್ನು ಸ್ಫೋಟಿಸಿದ ಹತ್ತಿರದ ಕಾರಣ ಎಂದು ನೀವು ವಾದಿಸಬಹುದು. ಇನ್ನೊಬ್ಬ ವಿದ್ಯಾರ್ಥಿ ಇದರ ತಿರುವುಮುರುವಾಗಿ ವಾದಿಸಿ, ಸರಿಯಾದ ಆಧಾರ ಕೊಟ್ಟರೆ, ಅವನಿಗೂ ಪೂರ್ಣ ಅಂಕ ಬರುತ್ತದೆ.

ಇದನ್ನು ಕಲಿಯಲು ನೀವು ಸೈನ್ಯದ ಪಾಠವನ್ನು ಮರೆಯಬೇಕಾಗಿಲ್ಲ. ಸೆಕ್ಷನ್ ಕಮಾಂಡರ್ ಆಗಿದ್ದವರು ಬಾಯಿಮಾತಿನ ಆರ್ಡರ್ ಕೊಡುವ ಕ್ರಮವನ್ನು ಬಲ್ಲಿರಿ: ಮೊದಲು ನೆಲದ ಪರಿಚಯ, ಆಮೇಲೆ ಶತ್ರುವಿನ ಮತ್ತು ನಮ್ಮವರ ಮಾಹಿತಿ, ನಂತರ ಉದ್ದೇಶ, ಅದರ ನಂತರ ಕಾರ್ಯಾಚರಣೆಯ ವಿಧಾನ. ಪ್ರಬಂಧಕ್ಕೂ ಈ ಚೌಕಟ್ಟು ಬಹಳ ದೂರ ಸಹಾಯ ಮಾಡುತ್ತದೆ. ಸಂದರ್ಭವೇನು, ಗೊತ್ತಿರುವ ಸಂಗತಿಗಳೇನು, ನಾನು ಹೇಳಹೊರಟಿರುವ ಮಾತೇನು, ಅದನ್ನು ಯಾವ ಹಂತಗಳಲ್ಲಿ ಸಾಧಿಸುತ್ತೇನೆ ಎಂಬ ಕ್ರಮದಲ್ಲಿ ಹೊರಟವರು ದಾರಿ ತಪ್ಪುವುದು ಕಡಿಮೆ. ಹದಿನೆಂಟರ ಹುಡುಗರಿಗೆ ಈ ಶಿಸ್ತು ಕಲಿಸಲು ನಮಗೆ ಒಂದು ವರ್ಷ ಬೇಕಾಗುತ್ತದೆ, ನಿಮಗೆ ಅದು ಬಂದೇ ಇದೆ. ಕೊರತೆ ಒಂದೇ: ಆರ್ಡರಿನಲ್ಲಿ "ಏಕೆ" ಎಂಬುದಕ್ಕೆ ಹೆಚ್ಚು ಜಾಗವಿಲ್ಲ, ಪ್ರಬಂಧದಲ್ಲಿ ಪ್ರತಿ ಹೆಜ್ಜೆಗೂ "ಏಕೆ" ಬೇಕು. ಆದ್ದರಿಂದ ನೀವು ಬರೆದ ಪ್ರತಿಯೊಂದು ಅಂಶದ ಮುಂದೆ "ಏಕೆಂದರೆ" ಎಂದು ಬರೆದು ಆ ವಾಕ್ಯವನ್ನು ಪೂರ್ತಿ ಮಾಡಿ. ಮೊದಲ ವಾರಗಳಲ್ಲಿ ಇದು ಬಲವಂತದಂತೆ ಕಾಣುತ್ತದೆ. ಎರಡು ಮೂರು ತಿಂಗಳಲ್ಲಿ ಕಾರಣ ತಾನಾಗಿಯೇ ಲೇಖನಿಗೆ ಬರತೊಡಗುತ್ತದೆ.

ಈಗ ಭಾಷೆಯ ಮಾತು. ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಕನ್ನಡದ ಜವಾನನೊಬ್ಬ ಹದಿನೆಂಟು ವರ್ಷ ಹಿಂದಿಯಲ್ಲಿ ಮಾತನಾಡಿ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ರಿಜಿಸ್ಟರ್ ತುಂಬಿ, ಮನೆಗೆ ಫೋನಿನಲ್ಲಿ ಮಾತ್ರ ಕನ್ನಡ ಬಳಸಿರುತ್ತಾನೆ. ಮಾತು ಎಲ್ಲಿಯೂ ಹೋಗಿರುವುದಿಲ್ಲ, ಆದರೆ ಕೈ ನಿಧಾನವಾಗಿರುತ್ತದೆ. ಒತ್ತಕ್ಷರ ಬರೆಯುವಾಗ ತಡವರಿಕೆ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಗೊಂದಲ, "ಸಾರ್ವಭೌಮತ್ವ", "ಅಧಿಕಾರ ವಿಕೇಂದ್ರೀಕರಣ" ಎಂಬಂಥ ಶಾಸ್ತ್ರದ ಪದಗಳ ಅಪರಿಚಯ, ಇವೆಲ್ಲ ಸೇರಿ ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಬಾಕಿ ಉಳಿದುಬಿಡುತ್ತವೆ. ಯಾವ ಮಾಧ್ಯಮದಲ್ಲಿ ಪರೀಕ್ಷೆ ಬರೆಯುತ್ತೀರಿ ಎಂದು ಮೊದಲ ದಿನವೇ ತೀರ್ಮಾನಿಸಿ, ಆ ಭಾಷೆಯಲ್ಲಿಯೇ ದಿನವೂ ಒಂದು ಪುಟ ಕೈಯಿಂದ ಬರೆಯಿರಿ. ನಿಮ್ಮ ಗುರಿ ನಮ್ಮ ಪ್ರೌಢಶಾಲೆಯಾದ್ದರಿಂದ ಕನ್ನಡ ಮಾಧ್ಯಮವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಇಂಗ್ಲಿಷನ್ನು ಬಿಡುವಂತಿಲ್ಲ. ಬಿ.ಎ.ಯಲ್ಲಿ ಅದು ಭಾಷಾ ಪತ್ರಿಕೆಯಾಗಿ ಇರುತ್ತದೆ, ಮತ್ತು ಐಚ್ಛಿಕ ವಿಷಯಗಳಲ್ಲಿ ಸುಲಭವಾಗಿ ತೇರ್ಗಡೆಯಾಗುವವರೂ ಅದೊಂದರಲ್ಲಿ ಉಳಿದುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇವೆ.

ಆರು ತಿಂಗಳ ಓದನ್ನು ಎಲ್ಲಿಂದ ಆರಂಭಿಸಬೇಕು? ಪದವಿಯ ಪುಸ್ತಕಗಳಿಂದ ಖಂಡಿತ ಬೇಡ. ಎಂಟು, ಒಂಬತ್ತು, ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪಠ್ಯಗಳನ್ನು ತೆಗೆದುಕೊಳ್ಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ, ಮನೆಯಲ್ಲಿ ಮಕ್ಕಳಿದ್ದರೆ ಅವರ ಪುಸ್ತಕವೇ ಆಗುತ್ತದೆ. ಮುಂದೆ ನೀವು ಕಲಿಸಬೇಕಾದದ್ದೂ ಅದನ್ನೇ ಆದ್ದರಿಂದ ಈ ಓದು ಎರಡು ವಿಧದಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಅದರ ತಿರುಳನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ. ನಂತರ ಪುಸ್ತಕ ತೆರೆದು ಏನು ಬಿಟ್ಟಿರಿ, ಏನನ್ನು ತಪ್ಪಾಗಿ ನೆನಪಿಟ್ಟಿರಿ ಎಂದು ಕೆಂಪು ಶಾಯಿಯಲ್ಲಿ ನೀವೇ ತಿದ್ದಿ. ಎರಡು ಪುಟಕ್ಕೆ ಮನಸ್ಸು ಚದುರುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಎರಡು ಪುಟದಿಂದಲೇ ಆರಂಭಿಸಿ, ಇಪ್ಪತ್ತು ನಿಮಿಷಕ್ಕೆ ಎದ್ದು ಓಡಾಡಿ, ಮತ್ತೆ ಕುಳಿತುಕೊಳ್ಳಿ. ಭರ್ತಿಯಾದ ದಿನವೇ ಯಾರೂ ಪೂರ್ತಿ ಭಾರ ಹೊತ್ತು ಹತ್ತಾರು ಕಿಲೋಮೀಟರ್ ನಡೆದಿರಲಿಲ್ಲ, ಓದುವ ತಾಳಿಕೆಯೂ ಹಾಗೆಯೇ ವಾರದಿಂದ ವಾರಕ್ಕೆ ಬೆಳೆಯುತ್ತದೆ. ಮೂರನೆಯ ತಿಂಗಳಿಗೆ ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಇತಿಹಾಸ, ರಾಜ್ಯಶಾಸ್ತ್ರ ಪುಸ್ತಕಗಳಿಗೆ ಹೋಗಿ. ಜೊತೆಗೆ ದಿನಪತ್ರಿಕೆಯ ಸಂಪಾದಕೀಯವೊಂದನ್ನು ಓದಿ, ಲೇಖಕರು ಏನು ವಾದಿಸಿದ್ದಾರೆ, ಅದಕ್ಕೆ ಕೊಟ್ಟ ಆಧಾರವೇನು, ನಿಮಗೆ ಒಪ್ಪಿಗೆಯೇ ಎಂದು ಅರ್ಧ ಪುಟ ಬರೆಯಿರಿ. ಕೊನೆಯ ಎರಡು ತಿಂಗಳಲ್ಲಿ ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ, ಮೂರು ಗಂಟೆ ಕುಳಿತು ಬರೆಯಿರಿ.

ಬರೆದದ್ದನ್ನು ತಿದ್ದುವವರು ಬೇಕು, ಇದು ಬಹಳ ಮುಖ್ಯ. ಊರಿನ ಪ್ರೌಢಶಾಲೆಯ ಶಿಕ್ಷಕರೋ, ನಿವೃತ್ತ ಮೇಷ್ಟ್ರೋ, ಪದವಿ ಕಾಲೇಜಿನ ಉಪನ್ಯಾಸಕರೋ ಒಬ್ಬರನ್ನು ಹುಡುಕಿ, ವಾರಕ್ಕೊಂದು ಉತ್ತರ ತಂದು ತೋರಿಸುತ್ತೇನೆಂದು ಕೇಳಿಕೊಳ್ಳಿ. ಹೀಗೆ ಕೇಳಿದ ಮಾಜಿ ಸೈನಿಕರಿಗೆ ಇಲ್ಲವೆಂದ ಶಿಕ್ಷಕರನ್ನು ನಾನು ಕಂಡಿಲ್ಲ.

ಸೈನ್ಯ ಕೊಟ್ಟ ಪ್ರಮಾಣಪತ್ರದ ವಿಷಯಕ್ಕೆ ಬರೋಣ. ಮೆಟ್ರಿಕ್ ಆಗಿ 15 ವರ್ಷ ಸೇವೆ ಪೂರೈಸಿದವರಿಗೆ ಸಿಗುವ ಈ ಪ್ರಮಾಣಪತ್ರ, ಕೇಂದ್ರ ಸರ್ಕಾರದ ಆದೇಶದಂತೆ, ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಿಗೆ, ಅದೂ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಬೇಡದ ಹುದ್ದೆಗಳಿಗೆ, ಅರ್ಜಿ ಹಾಕಲು ನೆರವಾಗುತ್ತದೆ. ಅದಕ್ಕೆ ಅದರದ್ದೇ ಬೆಲೆ ಇದೆ, ಜೋಪಾನವಾಗಿಡಿ. ಆದರೆ ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಎರಡು ವರ್ಷದ ಬಿ.ಎಡ್.ಗೆ ಮಾನ್ಯ ವಿಶ್ವವಿದ್ಯಾಲಯದ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 50 ಅಂಕಗಳು ಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಆ ಬಾಗಿಲನ್ನು ಈ ಪ್ರಮಾಣಪತ್ರ ತೆರೆಯುವುದಿಲ್ಲ. ಶಿಕ್ಷಕರಾಗುವುದೇ ನಿಮ್ಮ ಗುರಿಯಾಗಿದ್ದರೆ ಬಿ.ಎ. ಅನಿವಾರ್ಯ, ಮತ್ತು ಕೇವಲ ತೇರ್ಗಡೆಯಾದರೆ ಸಾಲದು, ಅಂಕಗಳ ಮೇಲೂ ಕಣ್ಣಿಡಬೇಕು.

ರೆಗ್ಯುಲರ್ ಕಾಲೇಜೋ ದೂರಶಿಕ್ಷಣವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಹಲವರ ಸಲಹೆಗೆ ವಿರುದ್ಧವಾಗಿದೆ. ಮನೆಯ ಪರಿಸ್ಥಿತಿ ಒಪ್ಪುವುದಾದರೆ ನೀವು ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿಕೊಳ್ಳಿ. ದೂರಶಿಕ್ಷಣ ಕೀಳೆಂಬ ಭಾವನೆಯಿಂದ ಇದನ್ನು ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಮಾನ್ಯತೆ ಇರುವ ಸಂಸ್ಥೆಯಿಂದ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ. ಆದರೆ ದೂರಶಿಕ್ಷಣ ಯಾವ ಶಕ್ತಿಯನ್ನು ಬೇಡುತ್ತದೆಯೋ, ಅಂದರೆ ಒಬ್ಬರೇ ಕುಳಿತು ಓದಿ, ಒಬ್ಬರೇ ಬರೆದು, ತಿದ್ದುವವರಿಲ್ಲದೆ ಮುಂದುವರಿಯುವ ಶಕ್ತಿ, ಅದೇ ಸದ್ಯಕ್ಕೆ ನಿಮ್ಮಲ್ಲಿ ಕುಂದಿರುವುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಆರು ಕ್ರೆಡಿಟ್‌ಗಳ ಒಂದು ಕೋರ್ಸಿಗೆ 180 ಗಂಟೆ ನೀವಾಗಿಯೇ ಹೊಂದಿಸಿಕೊಳ್ಳಬೇಕು. ತರಗತಿಯಲ್ಲಿ ಉಪನ್ಯಾಸಕರಿರುತ್ತಾರೆ, ಗ್ರಂಥಾಲಯವಿರುತ್ತದೆ, ಜೊತೆಗೆ ಚರ್ಚಿಸುವವರಿರುತ್ತಾರೆ, ಶೇಕಡ 75 ಹಾಜರಿಯ ನಿಯಮ ನಿಮ್ಮನ್ನು ದಿನವೂ ಅಲ್ಲಿಗೆ ಕರೆತರುತ್ತದೆ. ಮುಂದೆ ತರಗತಿಯ ಎದುರು ನಿಲ್ಲಬೇಕಾದವರು ಮೂರು ವರ್ಷ ತರಗತಿಯ ಒಳಗೆ ಕುಳಿತಿರುವುದು ಒಳ್ಳೆಯದೆಂಬ ನಂಬಿಕೆಯೂ ನನಗಿದೆ.

ಪೆನ್ಷನ್ ಹಣ ಸಾಲದೆ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಸೆಕ್ಯುರಿಟಿ ಕೆಲಸಕ್ಕೆ ಹೋಗಲೇಬೇಕಾದರೆ ದೂರಶಿಕ್ಷಣವನ್ನೇ ಆರಿಸಿಕೊಳ್ಳಿ. ಆಗ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ಬರೆಯುವ ಅನುಕೂಲ ನಿಮಗೆ ಬಹಳ ದೊಡ್ಡದು. ಇಗ್ನೋದಲ್ಲಿ ಪಠ್ಯಸಾಮಗ್ರಿ ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಹಿಂದಿಯ ಓದು ಚೆನ್ನಾಗಿದ್ದರೆ ಅದೂ ಒಂದು ದಾರಿ. ಯಾವುದೇ ಸಂಸ್ಥೆಯಾದರೂ ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂದು ಮಂಡಳಿಯ ಜಾಲತಾಣದಲ್ಲಿ ನೋಡಿಕೊಂಡೇ ಹಣ ಕಟ್ಟಿ. ಮುಕ್ತ ವಿಶ್ವವಿದ್ಯಾನಿಲಯಕ್ಕೂ ಕೆಲವು ವರ್ಷ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಬಂದದ್ದನ್ನು ನಮ್ಮ ರಾಜ್ಯದ ಸಾವಿರಾರು ವಿದ್ಯಾರ್ಥಿಗಳು ಅನುಭವಿಸಿ ಬಲ್ಲರು. ಅದರ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಮರೆಯುವಂಥದ್ದಲ್ಲ.

ವಿಷಯಗಳ ಆಯ್ಕೆಯಲ್ಲಿ ಒಂದು ಮಾತು. ಕಾಲೇಜಿನಲ್ಲಿ ಭೂಗೋಳಶಾಸ್ತ್ರ ಇದ್ದರೆ ಇತಿಹಾಸದ ಜೊತೆಗೆ ಅದನ್ನು ತೆಗೆದುಕೊಳ್ಳುವ ಬಗ್ಗೆ ಗಂಭೀರವಾಗಿ ಯೋಚಿಸಿ. ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆಯನ್ನು ಬಿಡಿಸಿ, ಸಮೋನ್ನತಿ ರೇಖೆ ನೋಡಿ ಇಳಿಜಾರು ಹೇಳುವುದು, ಗ್ರಿಡ್ ಓದುವುದು, ದಿಕ್ಸೂಚಿಯಿಂದ ದಿಕ್ಕು ಹಿಡಿಯುವುದು, ಇವುಗಳನ್ನು ಬಿ.ಎ. ವಿದ್ಯಾರ್ಥಿಗಳು ಪ್ರಾಯೋಗಿಕ ತರಗತಿಯಲ್ಲಿ ಕಷ್ಟಪಟ್ಟು ಕಲಿಯುತ್ತಾರೆ. ನೀವು ಅದನ್ನು ಕತ್ತಲಲ್ಲಿ, ಚಳಿಯಲ್ಲಿ, ಗುಡ್ಡದ ಮೇಲೆ ಮಾಡಿದವರು. ಸಮಾಜ ವಿಜ್ಞಾನದ ಶಿಕ್ಷಕರು ಇತಿಹಾಸ, ಪೌರನೀತಿಯ ಜೊತೆಗೆ ಭೂಗೋಳವನ್ನೂ ಕಲಿಸಬೇಕಾಗಿರುವುದರಿಂದ ಈ ಆಯ್ಕೆ ಮುಂದೆಯೂ ನಿಮ್ಮ ಕೈ ಹಿಡಿಯುತ್ತದೆ.

ಹಣದ ವಿಷಯದಲ್ಲಿ ತಪ್ಪು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ದೊರೆಯುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಸೈನಿಕರ ವಿಧವೆಯರಿಗೆ ಮೀಸಲಾದದ್ದು. ಓದಲು ಹೊರಟ ಮಾಜಿ ಸೈನಿಕನಿಗೆ ಅದು ಸಿಗುವುದಿಲ್ಲ. ಸಿಇಟಿಯಲ್ಲಿರುವ ರಕ್ಷಣಾ ಕೋಟಾ ಕೂಡ ಮಕ್ಕಳಿಗಾಗಿ ಇರುವುದು. ಅಮೆರಿಕದ ಕಾಯ್ದೆಯಂಥ ವ್ಯವಸ್ಥೆ ನಮ್ಮಲ್ಲಿ ಇಲ್ಲ, ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂವತ್ತೇಳರ ಹರೆಯದಲ್ಲಿ ದೇಶ ತನ್ನ ಸೈನಿಕನನ್ನು ಮನೆಗೆ ಕಳಿಸುವಾಗ, ಅವನ ಮುಂದೆ ಇನ್ನೂ ಇಪ್ಪತ್ತು ಇಪ್ಪತ್ತೈದು ವರ್ಷಗಳ ದುಡಿಮೆ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ಸದ್ಯಕ್ಕೆ ಸಮಾಧಾನದ ಸಂಗತಿಯೆಂದರೆ ಸರ್ಕಾರಿ ಪದವಿ ಕಾಲೇಜುಗಳ ಶುಲ್ಕ ನಿಮ್ಮ ಪೆನ್ಷನ್ನಿಗೆ ಹೊರೆಯಾಗುವಷ್ಟು ಇಲ್ಲ. ಆದರೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಮ್ಮೆ ಹೋಗಿ ಹೆಸರು ನೋಂದಾಯಿಸಿ, ಆ ವರ್ಷದ ಸೌಲಭ್ಯಗಳ ಬಗ್ಗೆ ಕೇಳಿ ಬನ್ನಿ. ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ವಯೋಮಿತಿಯ ಸಡಿಲಿಕೆ ಇದೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಸೇವೆಯ ವರ್ಷಗಳನ್ನು ವಯಸ್ಸಿನಿಂದ ಕಳೆದು, ಉಳಿದದ್ದು ಗರಿಷ್ಠ ಮಿತಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಮೀರದಿದ್ದರೆ ಸಾಕು. ರಾಜ್ಯದ ಶಿಕ್ಷಕ ಹುದ್ದೆಗಳಿಗೆ ಅಧಿಸೂಚನೆಯಲ್ಲಿ ಕೊಟ್ಟಿರುವ ಸಡಿಲಿಕೆಯನ್ನು ಓದಿಕೊಳ್ಳಿ. ಐದು ವರ್ಷದ ಓದು ಮುಗಿಸುವಷ್ಟರಲ್ಲಿ ವಯಸ್ಸು ಮೀರುತ್ತದೆ ಎಂದು ಹೆದರಿ ಈಗಲೇ ಬಿಟ್ಟುಕೊಡಬೇಡಿ.

ತರಗತಿಯಲ್ಲಿ ಮಗನ ವಯಸ್ಸಿನವರ ಪಕ್ಕದಲ್ಲಿ ಕೂರುವ ಸಂಕೋಚ ಮೊದಲ ತಿಂಗಳಿನದು. ನಿಮಗಿಂತ ಚಿಕ್ಕವರಾದ ಉಪನ್ಯಾಸಕರು ನಿಮ್ಮನ್ನು "ಸರ್" ಎಂದು ಕರೆಯಬಹುದು, ವಿದ್ಯಾರ್ಥಿಗಳು "ಅಂಕಲ್" ಎನ್ನಬಹುದು, ಬೇಸರಿಸಬೇಡಿ. ಇಲ್ಲಿ ಗಮನಿಸಬೇಕಾದದ್ದು ಬೇರೆ ಇದೆ. ಪಾಠದ ಮಧ್ಯೆ ಕೈ ಎತ್ತಿ "ಇದು ಅರ್ಥವಾಗಲಿಲ್ಲ" ಎನ್ನುವುದು ಅಶಿಸ್ತಲ್ಲ, "ಇದನ್ನು ನಾನು ಒಪ್ಪುವುದಿಲ್ಲ" ಎನ್ನುವುದು ಅವಿಧೇಯತೆಯೂ ಅಲ್ಲ. ಸೇವೆಯಿಂದ ಬಂದವರು ಅನೇಕರು ಮೂರು ವರ್ಷ ತುಟಿ ಬಿಚ್ಚದೆ ಕುಳಿತು, ಸಂಶಯಗಳನ್ನು ಹಾಗೆಯೇ ಮನೆಗೆ ಕೊಂಡೊಯ್ಯುತ್ತಾರೆ. ವಾರಕ್ಕೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತೇನೆಂದು ನಿಶ್ಚಯಿಸಿಕೊಳ್ಳಿ. ಗುಂಪು ಚಟುವಟಿಕೆಯಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ನಡೆಯುತ್ತದೆ. ಹುಡುಗರ ಅಲಕ್ಷ್ಯ ಕಂಡು ಹವಿಲ್ದಾರರು ಇಡೀ ಕೆಲಸವನ್ನು ತಾವೇ ಕೈಗೆ ತೆಗೆದುಕೊಂಡು ಎಲ್ಲರಿಗೂ ಆಜ್ಞೆ ಕೊಡತೊಡಗುತ್ತಾರೆ. ಹಾಗಾಗದಂತೆ ನೋಡಿಕೊಳ್ಳಿ. ಕೆಲಸ ಹಂಚಿ, ಕಾದು, ನೆನಪಿಸುವ ತಾಳ್ಮೆ ಶಿಕ್ಷಕರಿಗೆ ಬೇಕಾದ ಗುಣ, ಅದನ್ನು ಅಲ್ಲಿಯೇ ರೂಢಿಸಿಕೊಳ್ಳಬಹುದು.

ಮನಸ್ಸು ಚದುರುವುದಕ್ಕೆ ಅಭ್ಯಾಸ ತಪ್ಪಿದ್ದೊಂದೇ ಕಾರಣವಾಗಿರಬೇಕೆಂದಿಲ್ಲ. ನಿದ್ರೆ ಸರಿಯಾಗಿ ಬರುತ್ತಿದೆಯೇ, ಪಟಾಕಿಯ ಸದ್ದಿಗೆ ಮೈ ಬೆಚ್ಚುತ್ತದೆಯೇ, ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದಿದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ವರ್ಷಗಟ್ಟಲೆ ಫೈರಿಂಗ್ ರೇಂಜಿನಲ್ಲಿ, ಗಡಿಯಲ್ಲಿ ಕಳೆದವರಲ್ಲಿ ಶ್ರವಣ ಶಕ್ತಿ ಕುಂದುವುದು ಸಾಮಾನ್ಯ. ತರಗತಿಯಲ್ಲಿ ಅರ್ಧ ಪಾಠ ಕೇಳಿಸದೆ ಹೋದದ್ದನ್ನು ಅರ್ಥವಾಗಲಿಲ್ಲವೆಂದು ಭಾವಿಸಿ ಕುಗ್ಗುವವರಿದ್ದಾರೆ. ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಕಿವಿ ಪರೀಕ್ಷೆ ಮಾಡಿಸಿ. ದುಃಸ್ವಪ್ನ, ವಿನಾಕಾರಣ ಸಿಟ್ಟು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ಅಲ್ಲಿಯೇ ಮನೋವೈದ್ಯರ ಬಳಿ ಕಳಿಸಿಕೊಡಲು ಕೇಳಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಸೇವೆಯಲ್ಲಿ ಅಂಗವೈಕಲ್ಯ ಉಂಟಾಗಿದ್ದು, ಅದು ಶೇಕಡ 40 ಅಥವಾ ಹೆಚ್ಚಿದ್ದರೆ, 2016ರ ಕಾಯ್ದೆಯಡಿ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5 ಮೀಸಲಾತಿ ಇದೆ. ಬರೆಯಲು ತೊಡಕಾಗುವ ವೈಕಲ್ಯವಾದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೇಳುವ ಅವಕಾಶವಿದೆ. ಕೇಳುವುದಕ್ಕೆ ಹಿಂಜರಿಯಬೇಡಿ.

ಮನೆಯವರ ಜೊತೆ ಮೊದಲೇ ಕುಳಿತು ಮಾತನಾಡಿ. ಹದಿನೆಂಟು ವರ್ಷ ಒಬ್ಬರೇ ಹೊಲ, ಮಕ್ಕಳು, ಅತ್ತೆ ಮಾವಂದಿರನ್ನು ನೋಡಿಕೊಂಡ ನಿಮ್ಮ ಮನೆಯವರು ನೀವು ಬಂದ ಮೇಲೆ ಭಾರ ಇಳಿಯಿತೆಂದು ಎಣಿಸಿರುತ್ತಾರೆ. ಗಂಡ ಬಂದದ್ದೇ ಪುಸ್ತಕ ಹಿಡಿದು ಕುಳಿತರೆ ಅವರಿಗೆ ನೋವಾಗುವುದು ಸಹಜ. ಬೆಳಗಿನ ನಾಲ್ಕೂವರೆಯಿಂದ ಆರೂವರೆ ಓದಿಗೆ, ಸಂಜೆಯ ಸಮಯ ಮನೆಗೆ ಎಂದು ಇಬ್ಬರೂ ಒಪ್ಪಿಕೊಂಡು ಹಂಚಿಕೊಂಡರೆ ಮೂರು ವರ್ಷ ನೆಮ್ಮದಿಯಿಂದ ಸಾಗುತ್ತದೆ. ಮುಂಜಾನೆ ಏಳುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಕಾಗದಪತ್ರಗಳ ಕೆಲಸವನ್ನು ಈ ತಿಂಗಳೇ ಆರಂಭಿಸಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಡಿಸ್ಚಾರ್ಜ್ ಬುಕ್, ಪೆನ್ಷನ್ ಪಾವತಿ ಆದೇಶ (ಪಿಪಿಒ), ಆಧಾರ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರಶಃ ಹೋಲಿಸಿ ನೋಡಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಸೈನ್ಯದ ದಾಖಲೆಯಲ್ಲಿ ಅದು ತಂದೆಯ ಪೂರ್ತಿ ಹೆಸರಾಗಿ ವಿಸ್ತರಿಸಿರುವುದು, ಅಡ್ಡಹೆಸರು ಹಿಂದುಮುಂದಾಗಿರುವುದು, ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಬದಲಾಗಿರುವುದು ನಮ್ಮ ಭಾಗದ ಜವಾನರಲ್ಲಿ ಬಹಳ ಸಾಮಾನ್ಯ. ಆನ್‌ಲೈನ್ ಪ್ರವೇಶದ ವೇಳೆ ಇದರಿಂದ ಅರ್ಜಿ ನಿಂತುಬಿಟ್ಟರೆ ಇಡೀ ವರ್ಷ ಕೈತಪ್ಪಬಹುದು. ವ್ಯತ್ಯಾಸ ಕಂಡರೆ ಈಗಲೇ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಅಗತ್ಯವಿದ್ದಲ್ಲಿ ಸೈನ್ಯದ ರೆಕಾರ್ಡ್ಸ್ ಕಚೇರಿಗೆ ಬರೆದು ತಿದ್ದಿಸಿ. ಪಿಯುಸಿ ನಂತರದ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕಾಲೇಜಿನವರು ಕೇಳಿದರೆ ಡಿಸ್ಚಾರ್ಜ್ ಬುಕ್ಕಿನ ದೃಢೀಕೃತ ಪ್ರತಿಯನ್ನು ಕೊಡಿ. ಪಿಯುಸಿ ಮುಗಿಸದೆ ಭರ್ತಿಯಾದ ನಿಮ್ಮ ಗೆಳೆಯರಿದ್ದರೆ, ಅವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮಾಡಿಕೊಳ್ಳಬಹುದು. ಅಲ್ಲಿ ವರ್ಷಕ್ಕೆರಡು ಬಾರಿ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ.

ನಿಮ್ಮ ಅಣ್ಣನ ಮಗನ ಪರಿಸ್ಥಿತಿ ನಿಮ್ಮದಕ್ಕಿಂತ ಭಿನ್ನ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ನಂತರ ಶೇಕಡ 25ರವರೆಗೆ ಮಾತ್ರ ಖಾಯಂ ಆಗುತ್ತಾರೆ. ಉಳಿದವರು ಪೆನ್ಷನ್ ಇಲ್ಲದೆ, ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಹೊರಬರುತ್ತಾರೆ. ಅವರಿಗಾಗಿಯೇ ಇಗ್ನೋ ಮೂಲಕ ಮೂರು ವರ್ಷದ ಕೌಶಲಾಧಾರಿತ ಪದವಿಯನ್ನು ರೂಪಿಸಲಾಗಿದೆ. ಅದರ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಯಿಂದ, ಉಳಿದರ್ಧ ಓದಿನಿಂದ ಬರುತ್ತದೆ. ಹತ್ತನೇ ತರಗತಿಯ ಅರ್ಹತೆಯಲ್ಲಿ ಸೇರಿದವರಿಗೆ ಮುಕ್ತ ಶಾಲೆಯಿಂದ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಪಡೆಯುವ ಏರ್ಪಾಡೂ ಇದೆ. ಯೂನಿಟ್‌ನ ಎಜುಕೇಶನ್ ಜೆಸಿಒ (ಶಿಕ್ಷಣ ನೋಡಿಕೊಳ್ಳುವ ಜೂನಿಯರ್ ಕಮಿಷನ್ಡ್ ಅಧಿಕಾರಿ) ಬಳಿ ಹೋಗಿ ತಾನು ಇವುಗಳಲ್ಲಿ ನೋಂದಣಿಯಾಗಿದ್ದೇನೆಯೇ ಎಂದು ಅವನು ಕೇಳಿ ತಿಳಿದುಕೊಳ್ಳಲಿ. ಆಗಿಲ್ಲದಿದ್ದರೆ ಕೂಡಲೇ ಆಗಲಿ. ರಜೆಗೆ ಬಂದಾಗ ಅವನಿಗೊಂದು ನೋಟ್‌ಬುಕ್ ಕೊಟ್ಟು, ಬ್ಯಾರಕ್ಕಿನಲ್ಲಿ ಬಿಡುವಿದ್ದಾಗಲೆಲ್ಲ ಓದಿದ್ದರ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಬರೆದು, ಅದರ ಫೋಟೊವನ್ನು ನಿಮಗೆ ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಅದನ್ನು ನೀವೇ ತಿದ್ದಿ ಹಿಂದಿರುಗಿಸಿ. ಶಿಕ್ಷಕರಾಗಬೇಕೆಂದಿರುವ ನಿಮಗೆ ಮೊದಲ ವಿದ್ಯಾರ್ಥಿ ಅವನೇ ಆಗಲಿ.